ಒರತೆ ಹತ್ತಿರ ನಿಮ್ಮಮ್ಮ ಕಂಡದ್ದು

ಹೆಗ್ಗದ್ದೆ
೧೬ ಫೆಬ್ರವರಿ ೨೦೨೫, ಭಾನುವಾರ

ಮುದ್ದಿನ ಮಗಳು ಸೆಲಿನಾ,

ನಿನ್ನ ಕೆಮ್ಮು ಹೇಗಿದೆ? ಬೆಳಗಿನ ಜಪಕ್ಕೆ ನಾಲ್ಕೂವರೆಗೆ ಏಳಬೇಕು, ಪ್ರಾರ್ಥನಾ ಮಂದಿರದ ನೆಲ ಐಸಿನಂತಿರುತ್ತೆ ಅಂತ ಬರೆದಿದ್ದೆ. ಸಾಕ್ಸ್ ಹಾಕಿಕೋ ಮಗಳೇ, ಅದಕ್ಕೆ ಯಾವ ಕಾನ್ವೆಂಟಿನವರೂ ಬೇಡ ಅನ್ನಲ್ಲ. ಮೆಣಸಿನ ಕಷಾಯಕ್ಕೆ ನಿಮ್ಮಮ್ಮ ಒಣ ಶುಂಠಿ ಕಳಿಸಬೇಕು ಅಂತಿದ್ದಾಳೆ. ನಾನು ಚೆನ್ನಾಗಿದ್ದೀನಿ, ಅವಳು ನನಗಿಂತ ಚೆನ್ನಾಗಿದ್ದಾಳೆ. ಸಿಸ್ಟರ್ ಆಗುವ ವ್ರತಕ್ಕೆ ಮುಂಚೆ ನೊವಿಸ್‌ಗಳಿಗೆ ಫೋನ್ ಇಲ್ಲ, ತಿಂಗಳಿಗೊಂದೇ ಕಾಗದ ಅನ್ನೋ ನಿಯಮ ಇಲ್ಲದಿದ್ದರೆ ಇಷ್ಟು ಹೊತ್ತಿಗೆ ನಿನಗೆ ಹತ್ತು ಸಲ ಫೋನ್ ಮಾಡಿರುತ್ತಿದ್ದೆ. ಯಾಕಂದರೆ ಇವತ್ತು ಬೆಳಗಿನ ಪೂಜೆಯಲ್ಲಿ, ನಿಮ್ಮಮ್ಮ ಕಂಡದ್ದರ ಬಗ್ಗೆ ಬಿಷಪ್ಪರ ಕಾಗದ ಓದಿದರು! ಮೂವತ್ತು ವರ್ಷ ಎಸ್ಟೇಟಿನ ರೈಟರ್ ಆಗಿ ಆಳುಗಳ ಹಾಜರಿ ಬರೆದ ಕೈ ಇದು, ಆದರೂ ಖುಷಿಗೆ ಅಡ್ಡಾದಿಡ್ಡಿ ಓಡ್ತಾ ಇದೆ. ಅಕ್ಷರ ಸೊಟ್ಟಗಿದ್ದರೆ ಬೈಕೋಬೇಡ. ಜನವರಿ ಕಾಗದದಲ್ಲಿ ಒಂದಷ್ಟು ಬರೆದಿದ್ದೆನಲ್ಲ, ಅದನ್ನ ಮರೆತುಬಿಡು. ಮೊದಲಿಂದ ಬರೀತೀನಿ, ನಾನಾಗಿ ಸೇರಿಸಿದ್ದನ್ನೆಲ್ಲ ಬಿಟ್ಟು.

ಡಿಸೆಂಬರ್ ನಾಲ್ಕು, ಬುಧವಾರ. ತೋಟದಲ್ಲಿ ಅರೇಬಿಕಾ ಕಾಫಿ ಹಣ್ಣು ಕೊಯ್ತಾ ಇದ್ದರು. ಮಧ್ಯಾಹ್ನ ಮೂರೂವರೆ ಸುಮಾರಿಗೆ ನಿಮ್ಮಮ್ಮ ಚೀಲ ಹೊತ್ತುಕೊಂಡು, ಕೆಳಗಿನ ಒರತೆಯಲ್ಲಿ ನೀರು ಕುಡಿದು ಹೋಗೋಣ ಅಂತ ಇಳಿದಿದ್ದಾಳೆ. ಒರತೆಯ ಮೇಲಿನ ಬಂಡೆ ಹತ್ತಿರ ಒಬ್ಬಳು ಹೆಂಗಸು ನಿಂತಿದ್ದಳಂತೆ. ಸೀರೆ ಮೇಲೆ ಗಂಡಸರ ತುಂಬುತೋಳಿನ ಅಂಗಿ, ತಲೆಗೆ ಬಟ್ಟೆ, ನಮ್ಮ ಆಳು ಹೆಂಗಸರ ಹಾಗೇ. ಅಸ್ಸಾಮಿನ ಆಳುಗಳ ಲೈನ್ ಮನೆಗೆ ಬಂದ ಹೊಸಬಳಿರಬೇಕು ಅಂದುಕೊಂಡಳಂತೆ. ಆಯಮ್ಮ ಇವಳ ಮುಖ ನೋಡಿ, ತಲೆ ಮೇಲಿನ ಚೀಲಕ್ಕೆ ಒಂದು ಕೈ ಕೊಟ್ಟಳಂತೆ. ಚೀಲ ಹಗುರಾಯಿತು. ತಿರುಗಿ ನೋಡಿದರೆ ಯಾರೂ ಇಲ್ಲ. ಆ ಮುಖ ದೇವಮಾತೆಯದು ಅಂತ ನಿಮ್ಮಮ್ಮನಿಗೆ ಆಗ ಗೊತ್ತಾಯಿತು. ಹೇಗೆ ಅಂತ ಕೇಳಿದರೆ, ನಿನ್ನ ಮುಖ ನನಗೆ ಹೆಂಗೆ ಗೊತ್ತೋ ಹಂಗೆ, ಅಂತಾಳೆ. ಕಂಡದ್ದು ಇಷ್ಟೇ. ಇಷ್ಟನ್ನು ಅವಳು ಹೇಳಿದ್ದು ನನಗೊಬ್ಬನಿಗೆ, ಯಾರಿಗೂ ಹೇಳಬೇಡ ಅಂತ ಆಣೆ ಹಾಕಿಸಿಕೊಂಡು. ಮಾರನೇ ದಿನ ತಿಂಡಿ ಹೊತ್ತಿಗೆ ಊರಿಗೆಲ್ಲ ನಾನೇ ಹೇಳಿಬಿಟ್ಟಿದ್ದೆ. ನಿಮ್ಮಪ್ಪನ ಹೊಟ್ಟೆಯಲ್ಲಿ ಮಾತು ನಿಲ್ಲಲ್ಲ ಅಂತ ನಿನಗೆ ಗೊತ್ತೇ ಇದೆ.

ಕ್ರಿಸ್ಮಸ್ ಹೊತ್ತಿಗೆ ಎಷ್ಟು ಜನ ಅಂತೀಯ! ಆಲೂರಿಂದ, ಕೆ. ಹೊಸಕೋಟೆಯಿಂದ ಜೀಪು ಮಾಡಿಕೊಂಡು ಬಂದರು. ನಮ್ಮವರು ಮೇಣದ ಬತ್ತಿ ಹಚ್ಚಿದರು, ಉಳಿದವರು ತೆಂಗಿನಕಾಯಿ ಒಡೆದರು, ಬಂಡೆಗೆ ಕುಂಕುಮ ಇಟ್ಟರು. ಯಾರೋ ನೀಲಿ ಹೊದಿಕೆಯ ಮಾತೆಯ ಪ್ರತಿಮೆ ತಂದು ಕೂರಿಸಿದರು. ನಿಮ್ಮಮ್ಮ ನೋಡಿ, ತಂದವರಿಗೆ, ಹಿಂಗಿರ್ಲಿಲ್ಲ ಕಣ್ರೀ, ಅಂದಳು. ಸುಮ್ಮನಿರು, ನೀಲಿಯೋ ಅಂಗಿಯೋ, ಜನಕ್ಕೆ ನಂಬಿಕೆ ಬಂದರೆ ಸಾಲದಾ ಅಂತ ನಾನು ಗದರಿದೆ. ಚರ್ಚಿನಲ್ಲಂತೂ ಪೂಜೆ ಮುಗಿದ ಮೇಲೆ ದಿನಾ ವಾದ. ಸ್ವರ್ಗದ ರಾಣಿ ಗಂಡಸರ ಅಂಗಿ ಹಾಕಿಕೊಂಡು ಬರುತ್ತಾಳಾ ಅಂತ ಅರ್ಧ ಜನ. ವೇಳಾಂಕಣಿಯಲ್ಲಿ ಸೀರೆ ಉಟ್ಟವಳು ಇಲ್ಲಿ ಅಂಗಿ ಯಾಕೆ ಹಾಕಬಾರದು ಅಂತ ಇನ್ನರ್ಧ. ಸೈತಾನನೂ ಬೆಳಕಿನ ವೇಷದಲ್ಲಿ ಬರುತ್ತಾನೆ ಅಂದವರೂ ಇದ್ದರು. ನಮ್ಮ ಫಾದರ್ ನವೀನ್‌ಕುಮಾರ್ ಮಾತ್ರ ಒಂದು ದಿನವೂ ಒರತೆ ಕಡೆ ಹೆಜ್ಜೆ ಹಾಕಲಿಲ್ಲ. ನನಗೆ ಸಿಟ್ಟು ಬಂದು ಕೇಳಿಯೇಬಿಟ್ಟೆ. ನಾನು ಬಂದು ನಿಂತರೆ ಧರ್ಮಸಭೆಯೇ ಒಪ್ಪಿತು ಅಂತಾರೆ, ಧರ್ಮಸಭೆಗೆ ಅವಸರ ಇಲ್ಲ ಚೌರಪ್ಪನವರೇ, ಅಂದರು. ಈ ಹುಡುಗನಿಗೆ ಭಕ್ತಿ ಸಾಲದು ಅಂತ ಊರಲ್ಲೆಲ್ಲ ಹೇಳಿಕೊಂಡು ತಿರುಗಿದೆ. ಇನ್ನೊಂದು ಮಾತೂ ಹೇಳಿದೆ. ಒರತೆ ನೀರು ಒಂಬತ್ತು ದಿನ ಕುಡಿದೆ, ಮಂಡಿನೋವು ಹೋಯಿತು, ಮಾತೆ ನೀರಿಗೆ ಶಕ್ತಿ ಇಟ್ಟಿದ್ದಾಳೆ, ಅಂತ.

ಜನವರಿ ಇಪ್ಪತ್ತಮೂರಕ್ಕೆ ಬಿಷಪ್ಪರು ಮೂವರನ್ನು ವಿಚಾರಣೆಗೆ ಕಳಿಸಿದರು. ಫಾದರ್ ಆಗುವವರಿಗೆ ಸೆಮಿನರಿಯಲ್ಲಿ ಪಾಠ ಹೇಳುತ್ತಿದ್ದ ವಯಸ್ಸಾದ ಗುರುಗಳೊಬ್ಬರು, ಮನಶ್ಶಾಸ್ತ್ರ ಓದಿದ ಸಿಸ್ಟರೊಬ್ಬರು, ಒಬ್ಬ ಕಣ್ಣಿನ ಡಾಕ್ಟರು. ಚರ್ಚಿನಲ್ಲಿ ಮಕ್ಕಳಿಗೆ ಜ್ಞಾನೋಪದೇಶ ಹೇಳುವ ಕೋಣೆಯಲ್ಲಿ ನಿಮ್ಮಮ್ಮನನ್ನು ಕೂರಿಸಿ ಎರಡು ದಿನ ಕೇಳಿದರು. ನನ್ನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿದ್ದರು, ಆದರೆ ಆ ಕಿಟಕಿ ಸರಿಯಾಗಿ ಮುಚ್ಚಲ್ಲ. ಅವತ್ತು ಏನು ತಿಂದಿದ್ದೆ, ಬಿಸಿಲು ಯಾವ ಕಡೆ ಇತ್ತು, ಮನೆಯಲ್ಲಿ ಯಾರಿಗಾದರೂ ಮೂರ್ಛೆ ರೋಗ ಇತ್ತಾ, ಇದರಿಂದ ನಿನಗೇನು ಲಾಭ, ಒಂದೂ ಬಿಡಲಿಲ್ಲ. ಆಯಮ್ಮ ಏನು ಹೇಳಿದಳು ಅಂತ ಆ ಗುರುಗಳು ತಿರುಗಿಸಿ ತಿರುಗಿಸಿ ಏಳು ಸಲ ಕೇಳಿದರು. ಏಳು ಸಲವೂ, ಏನೂ ಅನ್ನಲಿಲ್ಲ ಸ್ವಾಮಿ, ಅಂದಳು. ನಾನು ಹೊರಗೆ ಕಿಟಕಿಗೆ ಕಿವಿ ಕೊಟ್ಟು ಕೂತಿದ್ದೆ. ಮಾತೆ ಲೂರ್ದಿನಲ್ಲಿ ಕಂಡಾಗ ಮಾತಾಡಿದಳು, ಫಾತಿಮಾದಲ್ಲಿ ಕಂಡಾಗ ಮಾತಾಡಿದಳು, ಇಲ್ಲಿ ಒಂದು ಮಾತಾದರೂ ಆಡಬಾರದಿತ್ತಾ! ಇವಳಾದರೂ ಒಂದು ಮಾತು ಕಟ್ಟಿ ಹೇಳಬಾರದಾ ಅಂತ, ಸುಳ್ಳು ಯಾಕೆ ಹೇಳಲಿ, ಮನಸ್ಸಲ್ಲೇ ಶಪಿಸಿದೆ.

ಎರಡನೇ ದಿನ ವಿಚಾರಣೆ ನಡೀತಾ ಇರುವಾಗಲೇ ಪಕ್ಕದ ತೋಟದ ಲಕ್ಕಪ್ಪ ಓಡಿ ಬಂದ. ಅವನ ಹೆಂಡತಿ ಸುಮಿತ್ರಮ್ಮ ಕೊಟ್ಟಿಗೆಯಲ್ಲಿ ಎಚ್ಚರ ತಪ್ಪಿ ಬಿದ್ದುಬಿಟ್ಟಿದ್ದರು. ನಿನಗೆ ಗೊತ್ತಲ್ಲ, ಅವರಿಗೆ ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಮೂರು ವಾರದಿಂದ ಮಾತ್ರೆ ಬಿಟ್ಟು ಒರತೆ ನೀರು ಕುಡಿಯುತ್ತಿದ್ದರಂತೆ. ಯಾರ ಮಾತು ಕೇಳಿ ಅಂತ ನಿಮ್ಮಮ್ಮ ಹೊರಗೆ ಬಂದು ಕೇಳಿದಳು. ಲಕ್ಕಪ್ಪ ನನ್ನ ಕಡೆ ನೋಡಿದ. ಅವಳೂ ನೋಡಿದಳು. ಮೂವತ್ತೊಂದು ವರ್ಷ ಸಂಸಾರ ಮಾಡಿದ್ದೀನಿ ಮಗಳೇ, ಆ ನೋಟ ಒಂದು ದಿನವೂ ನೋಡಿರಲಿಲ್ಲ. ಡಾಕ್ಟರ ಕಾರಿನಲ್ಲೇ ಸಕಲೇಶಪುರಕ್ಕೆ, ಅಲ್ಲಿಂದ ಹಾಸನಕ್ಕೆ ಸಾಗಿಸಿದೆವು. ನಾಲ್ಕು ದಿನ ಐಸಿಯು. ನಾಲ್ಕೂ ದಿನ ನಾನು ಆಸ್ಪತ್ರೆ ಬಾಗಿಲಲ್ಲೇ ಇದ್ದೆ. ಜಪಸರ ಕೈಯಲ್ಲಿತ್ತು, ಜಪ ಬಾಯಿಗೆ ಬರಲಿಲ್ಲ.

ಫೆಬ್ರವರಿ ಒಂದು, ಶನಿವಾರ. ಒರತೆ ಹತ್ತಿರ ಐನೂರು ಜನ ಇದ್ದರು. ಅಲ್ಲಿಗೆ ಹೋಗುವುದನ್ನೇ ಬಿಟ್ಟಿದ್ದ ನಿಮ್ಮಮ್ಮ ಅವತ್ತು ಹೊರಟಳು, ನಾನೂ ಹಿಂದೆ ಹೋದೆ. ಜನ ಕಾಲಿಗೆ ಬೀಳಕ್ಕೆ ಬಂದರು. ಅವಳು ತಪ್ಪಿಸಿಕೊಂಡು ಬಂಡೆ ಹತ್ತಿ ನಿಂತಳು. ನಾಲ್ಕು ಜನರೆದುರು ಜೋರಾಗಿ ಮಾತಾಡದವಳು! ಅವಳಂದದ್ದನ್ನು ಹಾಗೇ ಬರೀತೀನಿ: “ನಾನು ಕಂಡಿದ್ದು ನಿಜ. ಆಯಮ್ಮ ನಂಗೆ ಒಂದ್ ಕೈ ಕೊಟ್ಳು, ಅಷ್ಟೇ. ನೀರಿನ ವಿಷ್ಯ ಏನೂ ಹೇಳಲಿಲ್ಲ. ಆ ಮಾತು ನನ್ನ ಗಂಡಂದು. ನಿಮ್ಮನಿಮ್ಮ ಮಾತ್ರೆ ನೀವು ನುಂಗಿ.” ಆಮೇಲೆ ಎದ್ದಿತು ನೋಡು ಗಲಾಟೆ. ಫಾದರ್ ಹೇಳಿಕೊಟ್ಟಿದ್ದಾರೆ ಅಂದರು, ಹಂಗಾದರೆ ಎಲ್ಲಾ ಸುಳ್ಳೇ ಅಂದರು, ಯಾರೋ ತೆಂಗಿನಕಾಯಿ ಹೋಳು ಎಸೆದರು, ಅವಳ ಭುಜಕ್ಕೆ ಬಿತ್ತು. ಅವಳು ಇಳಿಯಲಿಲ್ಲ. ನನಗೆ ಎಲ್ಲಿಂದ ಧೈರ್ಯ ಬಂತೋ, ಹೋಗಿ ಅವಳ ಪಕ್ಕ ನಿಂತು, ನೀರು ಕುಡಿದ ವಾರವೇ ಸಕಲೇಶಪುರದಲ್ಲಿ ಮಂಡಿಗೆ ಇಂಜೆಕ್ಷನ್ ಹಾಕಿಸಿಕೊಂಡಿದ್ದೆ, ಅದನ್ನ ಯಾರಿಗೂ ಹೇಳಿರಲಿಲ್ಲ ಅಂದುಬಿಟ್ಟೆ. ಹೌದು ಮಗಳೇ, ನಿನಗೂ ಬರೆದಿರಲಿಲ್ಲ. ಅರ್ಧ ಜನ ಉಗಿದು ಹೋದರು. ಉಳಿದವರು ಅಲ್ಲೇ ಕೂತರು. ಆ ಹೊತ್ತಿಗೆ ಜನರ ನಡುವೆ ಜಾಗ ಮಾಡಿಕೊಂಡು ಫಾದರ್ ನವೀನ್‌ಕುಮಾರ್ ಬಂದರು, ಒರತೆಗೆ ಮೊದಲ ಸಲ. ನೆಲದ ಮೇಲೆ ಕೂತು ಜಪಸರ ಶುರುಮಾಡಿದರು.

ಈಗ ಇವತ್ತಿನ ವಿಷಯ. ಇದು ಸ್ವರ್ಗದಿಂದ ಆದದ್ದು ಅಂತ ಬಿಷಪ್ಪರು ಹೇಳಿಲ್ಲ. ಅಲ್ಲ ಅಂತಲೂ ಹೇಳಿಲ್ಲ. ಕಾಗದಪತ್ರ ರೋಮಿಗೆ ಹೋಗಬೇಕಂತೆ, ವರ್ಷಗಳೇ ಆಗಬಹುದು. ಸದ್ಯಕ್ಕೆ ವಿಶ್ವಾಸಕ್ಕೆ ವಿರುದ್ಧವಾದದ್ದು ಏನೂ ಕಂಡಿಲ್ಲ, ಶನಿವಾರ ಅಲ್ಲಿ ಜಪಸರ ಹೇಳಬಹುದು, ಪ್ರತಿಮೆ ತೆಗೀಬೇಕು, ನೀರು ಹಂಚಬಾರದು. ಮೊದಲಾಗಿದ್ದರೆ ಇಷ್ಟೇನಾ ಅಂತಿದ್ದೆ. ಇವತ್ತು ನನಗೆ ಕುಣಿಯೋ ಹಾಗಾಯಿತು! ಓದಿದ ಮೇಲೆ ಫಾದರ್ ನನ್ನನ್ನು ಪಕ್ಕಕ್ಕೆ ಕರೆದು, ಆ ವಯಸ್ಸಾದ ಗುರುಗಳು ಹೇಳಿದ್ದನ್ನು ಹೇಳಿದರು. ನಲವತ್ತು ವರ್ಷದಲ್ಲಿ ದರ್ಶನ ಕಂಡೆ ಅಂದವರು ಎಷ್ಟೋ ಜನರನ್ನು ಕೇಳಿದ್ದಾರಂತೆ. ಎಲ್ಲರೂ ದಿನದಿಂದ ದಿನಕ್ಕೆ ಕಥೆಗೆ ಸೇರಿಸುತ್ತಾ ಹೋಗುತ್ತಾರಂತೆ. ಬೇರೆಯವರು ಸೇರಿಸಿದ್ದನ್ನು ತಾನೇ ಕಿತ್ತುಹಾಕಿದವಳನ್ನು ಕಂಡದ್ದು ಇದೇ ಮೊದಲಂತೆ. ಸುಮಿತ್ರಮ್ಮ ಮನೆಗೆ ಬಂದಿದ್ದಾರೆ. ನಿನ್ನೆ ಸಂಜೆ ನಾನೇ ಹೋಗಿ ಕ್ಷಮೆ ಕೇಳಿದೆ. ಕಾಫಿ ಕುಡಿದುಹೋಗಿ ಅಂದರು. ಸಕ್ಕರೆ ಹಾಕಿರಲಿಲ್ಲ.

ಮದರ್‌ಗೂ ನಿನ್ನ ಜೊತೆಯ ಹುಡುಗಿಯರಿಗೂ ನಮ್ಮ ನಮಸ್ಕಾರ ತಿಳಿಸು. ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ತಲೆ ಮೇಲೆ ನಮ್ಮಿಬ್ಬರ ಕೈಯೂ, ಮಾತೆಯ ಕೈಯೂ ಇರಲಿ.

ಇತಿ ನಿನ್ನ ಅಪ್ಪ,
ಚೌರಪ್ಪ

ತಾ.ಕ.: ಕಾಗದ ಮಡಿಚುವಷ್ಟರಲ್ಲಿ ನಿಮ್ಮಮ್ಮ ಬಂದು ಪೂರ್ತಿ ಓದಿಸಿದಳು. ಮುಖ್ಯವಾದದ್ದನ್ನೇ ಬಿಟ್ಟಿದ್ದೀನಂತೆ. ಜೂನಿನಲ್ಲಿ ವ್ರತ ತೆಗೆದುಕೊಳ್ಳಬೇಕೋ ಬೇಡವೋ ತಿಳಿಯುತ್ತಿಲ್ಲ ಅಂತ ಡಿಸೆಂಬರ್‌ನಲ್ಲಿ ನೀನು ಬರೆದಿದ್ದೆ. ಕಾನ್ವೆಂಟಿಗೆ ಮಗಳನ್ನು ಕೊಟ್ಟ ಮನೆ ಅಂತಲೇ ಮಾತೆ ನಮ್ಮ ಹತ್ತಿರ ಬಂದಳು, ಇನ್ನು ನಿನಗೆ ಅನುಮಾನ ಬೇಡ ಅಂತ ನಾನು ಉತ್ತರ ಬರೆದೆ. ಅದನ್ನು ನಿಮ್ಮಮ್ಮನಿಗೆ ಇವತ್ತು ಹೇಳಿದೆ. ಪೆನ್ನು ಕೆಳಗಿಡಬೇಡ ಅಂತ ಎದುರಿಗೇ ನಿಂತು ಬರೆಸ್ತಾ ಇದ್ದಾಳೆ: “ನಿನ್ನ ವಿಷ್ಯ ಆಯಮ್ಮ ನಂಗೆ ಏನೂ ಹೇಳಿಲ್ಲ. ಇರಬೇಕು ಅನ್ನಿಸಿದ್ರೆ ಇರು. ಬರಬೇಕು ಅನ್ನಿಸಿದ್ರೆ ಬಾ.” ಬರುವುದಾದರೆ ಯಾವ ರೈಲು ಅಂತ ಬರಿ, ಸಕಲೇಶಪುರ ಸ್ಟೇಷನ್ನಿಗೆ ಇಬ್ಬರೂ ಬರ್ತೀವಿ. ಬರದಿದ್ದರೂ ಬರಿ.