ಫಿಯೆಟ್ಟಿನ ಮುಳ್ಳು

ಕಾವೂರು, ಮಂಗಳೂರು
೨೨ ಜನವರಿ ೨೦೨೫

ಪ್ರೀತಿಯ ಕುಶಲಾ,

ನಿನ್ನ ಮೊಣಗಂಟಿನ ನೋವು ಹೇಗುಂಟು? ಮಸ್ಕತ್ತಿನಲ್ಲಿ ದಿನವಿಡೀ ಏಸಿ ಹಾಕಿಕೊಂಡು ಕೂತರೆ ಕಾಲು ಹಿಡಿದುಕೊಳ್ಳುತ್ತದೆ ಎಂದು ನಿನ್ನ ಮಗಳು ಸಂಚಿತಾಳಿಗೆ ಹೇಳು. ಅವಳು ಕೇಳುವವಳಲ್ಲ, ಆದರೂ ಹೇಳು. ಬಾಣಂತಿ ಸರಿಯಾಗಿ ಊಟ ಮಾಡುತ್ತಾಳಾ? ಮಗುವಿನ ಫೋಟೋ ನೋಡಿದೆ. ಮೂಗು ನಿನ್ನ ಕಡೆಯದು, ಅದು ದೇವರ ದಯೆ. ಹಣೆ ಅಳಿಯನ ಕಡೆಯದು, ಅದಕ್ಕೆ ನಾವು ಏನೂ ಮಾಡುವ ಹಾಗಿಲ್ಲ. ನನ್ನ ಬಿ.ಪಿ. ಸರಿಯಾಗಿದೆ, ಅಡುಗೆಯೂ ಹೇಗೋ ಸಾಗುತ್ತಿದೆ. ಫೋನಿನಲ್ಲಿ ಮಾತಾಡಿದರೆ ಮಗು ಅತ್ತಿತು ಎಂದು ನಡುವಿನಲ್ಲೇ ಓಡುತ್ತಿ, ವಾಟ್ಸಾಪಿನಲ್ಲಿ ಬರೆದರೆ ಒಂದು ಹೆಬ್ಬೆರಳು ತೋರಿಸಿ ಮುಗಿಸುತ್ತಿ. ಹಾಗಾಗಿ ಈ ಕಾಗದ. ಪಕ್ಕದ ಮನೆಯ ಹಾಶಿಂ ರಜೆ ಮುಗಿಸಿ ಇವತ್ತು ಮಸ್ಕತ್ತಿಗೆ ವಾಪಸು ಹೊರಟಿದ್ದಾನೆ. ಒಣಮೀನು, ಹಲಸಿನ ಹಪ್ಪಳದ ಜೊತೆ ಇದನ್ನೂ ಅವನ ಕೈಯಲ್ಲಿ ಕೊಡುತ್ತೇನೆ. ಒಣಮೀನಿನ ವಾಸನೆ ಹಿಡಿದಿದ್ದರೆ ನನ್ನನ್ನು ಬೈಯಬೇಡ.

ಈಗ ಫಿಯೆಟ್ಟಿನ ವಿಷಯ. "ಪೃಥ್ವಿ ಒಯ್ಯಲಿ, ಇನ್ನು ನನ್ನಿಂದ ಕಾರು ಬಿಡ್ಲಿಕ್ಕೆ ಆಗುವುದಿಲ್ಲ" ಎಂದು ಮಾತು ಕೊಟ್ಟು ವಿಮಾನ ಹತ್ತಿದೆಯಲ್ಲ, ಆ ವಿಷಯ. ನಿನ್ನ ಸೋದರಮಾವ ಆ ಕಾರನ್ನು ಸ್ವಂತ ಮಗನಿಗೆ ಕೊಡದೆ ತಂಗಿಯ ಮಗಳಾದ ನಿನ್ನ ಹೆಸರಿಗೆ ಮಾಡಿದ್ದು ಬರೀ ಆಸ್ತಿ ತಂಗಿಯ ಸಂತಾನಕ್ಕೆ ಹೋಗುವ ಅಳಿಯಕಟ್ಟಿನ ಅಭ್ಯಾಸದಿಂದ ಅಲ್ಲ. ಗೇರ್ ಕಿರುಗುಟ್ಟಿಸದೆ ಅದನ್ನು ಬಿಡಲು ಆ ಮನೆಯಲ್ಲಿ ನಿನಗೊಬ್ಬಳಿಗೆ ಬರುತ್ತದೆ ಎಂದು ಅವರಿಗೆ ಗೊತ್ತಿತ್ತು. ಆ ಮಗ, ಮಹಾನುಭಾವ ಪೃಥ್ವಿರಾಜ, ಈಗ ಅದರ ಇಂಜಿನ್ ಇಳಿಸಿ, ಅಡಿಯಲ್ಲಿ ಕಬ್ಬಿಣದ ಸ್ಟ್ಯಾಂಡ್ ಕೊಟ್ಟು, ಡಿಕ್ಕಿಯಲ್ಲಿ ಪ್ಲಾಸ್ಟಿಕ್ ಹೂವು ತುಂಬಿಸಿ ತನ್ನ ಹೋಟೆಲಿನ ಲಾಬಿಯಲ್ಲಿ ನಿಲ್ಲಿಸುತ್ತಾನಂತೆ. ಆ ಲಾಬಿ ನೀನು ನೋಡಿದ್ದಿ. ಒಂದು ಮೂಲೆಯಲ್ಲಿ ನೇಗಿಲು, ಇನ್ನೊಂದು ಮೂಲೆಯಲ್ಲಿ ಭತ್ತ ಅಳೆಯುವ ಕಳಸೆ, ಕಳಸೆಯೊಳಗೆ ಹಲ್ಲುಕಡ್ಡಿ. ಗದ್ದೆಯ ಕೆಸರಿಗೆ ಒಂದು ದಿನವೂ ಕಾಲಿಡದವನ ಹೋಟೆಲು ಅದು. ಮದುವೆಗೆ ಬಂದವರು ನೇಗಿಲಿಗೆ ಒರಗಿ ಸೆಲ್ಫಿ ತೆಗೆಯುತ್ತಾರೆ, ಅದೂ ತಲೆಕೆಳಗಾಗಿ ನಿಲ್ಲಿಸಿದ ನೇಗಿಲು. ನನಗೆ ಮಾತ್ರ "ಹೆರಿಟೇಜ್ ಭಾವಾ, ಹೆರಿಟೇಜ್" ಎಂದು ಪಾಠ ಹೇಳುತ್ತಾನೆ.

ನೀನು ಯಾಕೆ ಒಪ್ಪಿದೆ ಎಂದು ನನಗೆ ಗೊತ್ತುಂಟು. ಡಿಸೆಂಬರಿನ ಆ ಬೆಳಿಗ್ಗೆ ಕೊಟ್ಟಾರದ ಹತ್ತಿರ ಹೈವೇಯಲ್ಲಿ ಟೆಂಪೋದವನೊಬ್ಬ ಹಿಂದಿನಿಂದ ಹಾರ್ನ್ ಒತ್ತಿ ಒತ್ತಿ, ಕೊನೆಗೆ ಪಕ್ಕಕ್ಕೆ ಬಂದು "ಅಜ್ಜೀ, ಮನೆಯಲ್ಲಿ ಕೂತುಕೊಳ್ಳಿ" ಎಂದು ಕೂಗಿ ಹೋದನಲ್ಲ. ಮನೆಗೆ ಬಂದು ನೀನು ತಂದ ಬಂಗುಡೆ ಮೀನನ್ನು ಚೀಲದಿಂದ ತೆಗೆಯಲೂ ಇಲ್ಲ. "ನಾನು ಅರವತ್ತರಲ್ಲಿ ಹೋಗ್ತಾ ಇದ್ದೆ ಮಾರಾಯ್ರೆ, ಆದ್ರೂ ಎಲ್ಲರೂ ನನ್ನನ್ನು ಹಿಂದೆ ಹಾಕಿ ಹೋಗ್ತಾರೆ. ಬೆಳಿಗ್ಗೆ ಬಿಡುವಾಗಂತೂ ಹೆದರಿಕೆ ಆಗ್ತದೆ. ನನಗೆ ಪ್ರಾಯ ಆಯ್ತು" ಎಂದೆ. ಅದೇ ವಾರ ಪೃಥ್ವಿರಾಜ ನಮ್ಮ ಜಗಲಿಯಲ್ಲಿ ಕೂತು, ನೀನೇ ಎರೆದುಕೊಟ್ಟ ನೀರ್ದೋಸೆ ತಿನ್ನುತ್ತಾ, "ಸಾಕಕ್ಕ, ಎಂತಕ್ಕೆ ರಿಸ್ಕ್?" ಎಂದ. ದೋಸೆ ಮುಗಿಯುವುದರೊಳಗೆ ಕಾರು ಅವನದಾಯಿತು. ನನ್ನನ್ನು ಮದುವೆಯಾದ ವರ್ಷದಿಂದ ಕಾರು ಬಿಡುತ್ತಾ ಬಂದವಳು ಒಬ್ಬ ಟೆಂಪೋದವನ ಒಂದು ಮಾತಿಗೆ ಮುದುಕಿಯಾಗಿ ಕೂತದ್ದನ್ನು ಕಂಡು ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಪೃಥ್ವಿರಾಜನ ಮೇಲಲ್ಲ, ನಿನ್ನ ಮೇಲೆ.

ನೀನು ಹೋದ ಮೇಲೆ ಮನೆಯಲ್ಲಿ ಜಗಳವಾಡಲು ಯಾರೂ ಇಲ್ಲದ್ದರಿಂದ ಯೋಚಿಸಲು ಸಮಯ ಸಿಕ್ಕಿತು. ಅರವತ್ತರಲ್ಲಿ ಹೋಗುವ ಕಾರಿಗೆ ಕೊಟ್ಟಾರದಲ್ಲಿ ಯಾರೂ ಹಾಗೆ ಹಾರ್ನ್ ಹೊಡೆಯುವುದಿಲ್ಲ. ಆ ಟೆಂಪೋವೇ ಅರವತ್ತರ ಮೇಲೆ ಹೋದರೆ ಅದರ ಬಾಗಿಲು ಕಳಚಿ ಬೀಳುತ್ತದೆ. ಹಾಗಾದರೆ ಸುಳ್ಳು ಹೇಳುವುದು ಯಾರು? ನನಗಂತೂ ಕಾರು ಬಿಡಲು ಬರುವುದಿಲ್ಲ, ನೀನು ಊರಿಗೆಲ್ಲ ಹೇಳಿ ನಕ್ಕ ವಿಷಯವೇ ಅದು. ಹಾಶಿಂನನ್ನು ಕರೆದು ಸ್ಟಿಯರಿಂಗಿನಲ್ಲಿ ಕೂರಿಸಿದೆ. ಬೆಳಿಗ್ಗೆ ತಣ್ಣಗಿರುವಾಗ ಹೈವೇಗೆ ಹೋದೆವು. ಮೀಟರಿನ ಮುಳ್ಳು ಅರವತ್ತಕ್ಕೆ ಬಂದಾಗ ಅವನ ಫೋನಿನ ಜಿಪಿಎಸ್ ಮೂವತ್ತೆಂಟು ತೋರಿಸಿತು. ಮಧ್ಯಾಹ್ನ ಬಿಸಿಲಿಗೆ ಇನ್ನೊಮ್ಮೆ ಹೋದೆವು. ಆಗ ಅದೇ ಅರವತ್ತಕ್ಕೆ ಫೋನಿನಲ್ಲಿ ನಲವತ್ತೇಳು. ಹೊತ್ತು ನೋಡಿ ಸುಳ್ಳು ಹೇಳುವ ಮೀಟರನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಮೊದಲು ತಿಳಿದವರನ್ನು ಕೇಳೋಣ ಎಂದುಕೊಂಡದ್ದು ನನ್ನ ದಡ್ಡತನ. ಬೈಕಂಪಾಡಿಯ ಗ್ಯಾರೇಜಿನವನು ಕಾರಿನ ಬಾಗಿಲನ್ನೂ ತೆರೆಯದೆ, ಕೇಬಲ್ ಹೋಗಿದೆ ಎಂದ. ಕೇಬಲ್ ಹೋದರೆ ಮುಳ್ಳು ಏಳುವುದೇ ಇಲ್ಲ ಎಂದರೆ, "ಹಾಗಾದ್ರೆ ಗೇರ್‌ಬಾಕ್ಸ್" ಎಂದ. ಇನ್ನೂ ಎರಡು ನಿಮಿಷ ನಿಂತಿದ್ದರೆ ರಸ್ತೆಯೇ ಸರಿಯಿಲ್ಲ ಎನ್ನುತ್ತಿದ್ದ. ಆಮೇಲೆ ಹಳೆಯ ಕಾರುಗಳ ಸಂಘದ ಒಬ್ಬರು ಸಿಕ್ಕಿದರು. ಭಾನುವಾರ ಬಿಳಿ ಪ್ಯಾಂಟು ಹಾಕಿ ಕಾರು ಒರೆಸುವವರ ಸಂಘ ಅದು. ಅವರು ಮೀಟರನ್ನು ನೋಡಿ ಕಣ್ಣು ಮುಚ್ಚಿ, "ಒರಿಜಿನಲ್ ಅಲ್ವಾ? ಮುಟ್ಟಬೇಡಿ, ವ್ಯಾಲ್ಯೂ ಹೋಗ್ತದೆ" ಎಂದರು. ಅವರ ಕಾರು ಕಳೆದ ಮಳೆಗಾಲದಿಂದ ಸ್ಟಾರ್ಟೇ ಆಗಿಲ್ಲ. ಇಂಥವರ ಮಾತು ಕೇಳುವುದಕ್ಕಿಂತ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಮೀಟರು, ಗೇಜು ಬಿಚ್ಚಿದ ನನ್ನ ಕೈಯೇ ಮೇಲು ಎಂದು ಮನೆಗೆ ಬಂದೆ.

ಕುಶಲಾ, ವಿಷಯ ಬಹಳ ಸುಲಭ. ಮೀಟರಿನಲ್ಲಿ ಓಡಿದ ಕಿಲೋಮೀಟರಿನ ಲೆಕ್ಕ ಸರಿಯಾಗಿತ್ತು, ವೇಗ ಮಾತ್ರ ತಪ್ಪು. ಎರಡಕ್ಕೂ ಅದೇ ಕೇಬಲ್. ಅಂದರೆ ಕೇಬಲೂ ಗೇರ್‌ಬಾಕ್ಸೂ ಪ್ರಾಮಾಣಿಕರು, ಕಳ್ಳ ಕೂತಿರುವುದು ಮೀಟರಿನ ಹೊಟ್ಟೆಯಲ್ಲಿ. ಅದನ್ನು ಕಳಚಿ ಊಟದ ಮೇಜಿನ ಮೇಲಿಟ್ಟು, ಅಂಚಿನ ರಿಂಗನ್ನು ನಿನ್ನ ಬೆಣ್ಣೆ ಹಚ್ಚುವ ಚಾಕುವಿನಿಂದ ಎಬ್ಬಿಸಿದೆ. ಚಾಕು ಸ್ವಲ್ಪ ಬಾಗಿದೆ. ಒಳಗೆ ಕೇಬಲ್ ತಿರುಗಿಸುವ ಒಂದು ಅಯಸ್ಕಾಂತ ಉಂಟು. ಅದಕ್ಕೆ ತಾಗದ ಹಾಗೆ ಮೇಲೊಂದು ಅಲ್ಯುಮಿನಿಯಂ ಬಟ್ಟಲು, ಆ ಬಟ್ಟಲಿಗೆ ಮುಳ್ಳು. ಅಯಸ್ಕಾಂತ ತಿರುಗುವ ವೇಗಕ್ಕೆ ತಕ್ಕಷ್ಟೇ ಬಟ್ಟಲು ತಿರುಗಬೇಕು, ಎರಡರ ನಡುವೆ ಗಾಳಿ ಬಿಟ್ಟು ಬೇರೇನೂ ಇರಬಾರದು. ರಿಂಗ್ ಎದ್ದ ಕೂಡಲೇ ನನ್ನ ಮೂಗಿಗೆ ಬಡಿದದ್ದು ಕಮಟು ಹಿಡಿದ ತೆಂಗಿನೆಣ್ಣೆಯ ವಾಸನೆ!

ಆಯುಧಪೂಜೆಯ ದಿನ ಮೀಟರಿನ ಹಿಂದಿನಿಂದ ಕಿರ್ ಕಿರ್ ಎಂದು ಸದ್ದು ಬರುತ್ತದೆ ಎಂದು ಹೇಳಿ, ಮಾವ ಕಲಿಸಿದ ಹಾಗೆ ಕೈ ಹಾಕಿ ಕೇಬಲಿನ ತಿರುಪು ಬಿಚ್ಚಿ ಎಣ್ಣೆ ಹೊಯ್ದವಳು ನೀನು. ಹೊಲಿಗೆ ಮೆಷಿನಿಗೂ ತೆಂಗಿನೆಣ್ಣೆ, ಬಾಗಿಲಿನ ಕೀಲಿಗೂ ತೆಂಗಿನೆಣ್ಣೆ, ಮಗಳ ತಲೆಗೂ ಅದೇ ಬಾಟ್ಲಿ. ಸದ್ಯ ನನ್ನ ಕಿವಿಗೆ ಹೊಯ್ಯಲಿಲ್ಲ. ಕೇಬಲ್ ತಿರುಗುತ್ತಾ ತಿರುಗುತ್ತಾ ಎಣ್ಣೆ ಮೇಲೆ ಹತ್ತಿ ಬಟ್ಟಲನ್ನೂ ಅಯಸ್ಕಾಂತವನ್ನೂ ಒಂದಕ್ಕೊಂದು ಅಂಟಿಸಿಬಿಟ್ಟಿದೆ. ಮುಳ್ಳು ಅದರ ಹಿಂದೆ ಎಳೆಸಿಕೊಂಡು ಇರಬೇಕಾದುದಕ್ಕಿಂತ ಮೇಲೆ ಹೋಗಿದೆ. ಬೆಳಗಿನ ಚಳಿಗೆ ಎಣ್ಣೆ ಗಟ್ಟಿಯಾದಾಗ ಹೆಚ್ಚು, ಬಿಸಿಲಿಗೆ ಕರಗಿದಾಗ ಕಡಿಮೆ. ನೀನು ಅರವತ್ತು ಎಂದು ಹೆದರುತ್ತಿದ್ದಾಗ ನಿಜಕ್ಕೂ ಹೋಗುತ್ತಿದ್ದದ್ದು ಮೂವತ್ತೆಂಟರಲ್ಲಿ. ಮುಳ್ಳು ಮೇಲೆ ಹೋದಂತೆಲ್ಲ ನೀನು ಕಾಲು ಸಡಿಲಿಸಿದೆ. ಹೈವೇಯಲ್ಲಿ ಹಾಗೆ ಹೋದರೆ ಟೆಂಪೋದವನು ಹೂಮಾಲೆ ಹಾಕುತ್ತಾನಾ?

ಬಟ್ಟಲನ್ನೂ ಅಯಸ್ಕಾಂತವನ್ನೂ ಸ್ಪಿರಿಟ್ಟಿನಲ್ಲಿ ತೊಳೆದೆ. ಮುಳ್ಳನ್ನು ಹಿಡಿದಿರುವ ಕೂದಲಿನಂಥ ಸ್ಪ್ರಿಂಗಿಗೆ ಕೈ ತಾಗಿಸಲಿಲ್ಲ. ಕೇಬಲನ್ನು ಪೂರ್ತಿ ಎಳೆದು ಪೆಟ್ರೋಲಿನಲ್ಲಿ ಅದ್ದಿ ಒರೆಸಿ, ಕೆಳಭಾಗಕ್ಕೆ ಮಾತ್ರ ತೆಳ್ಳಗೆ ಗ್ರೀಸ್ ಹಚ್ಚಿ, ಮೇಲಿನ ತುದಿಯನ್ನು ಒಣಗಿದಂತೆಯೇ ಬಿಟ್ಟೆ. ನಿನ್ನೆ ಬೆಳಿಗ್ಗೆ ಹಾಶಿಂ ಬಿಟ್ಟಾಗ ಫೋನಿನಲ್ಲಿ ಐವತ್ತು, ಮುಳ್ಳೂ ಐವತ್ತು. ಹಾರ್ನ್ ಒಂದೂ ಕೇಳಲಿಲ್ಲ. ಹುಡುಗ ಚೆನ್ನಾಗಿಯೇ ಬಿಡುತ್ತಾನೆ, ಆದರೆ ಗೇರ್ ಬದಲಿಸುವಾಗ ನನ್ನ ಕುತ್ತಿಗೆ ಮುಂದಕ್ಕೆ ಹೋಗುತ್ತದೆ. ನೀನು ಬಿಡುವಾಗ ಗೇರ್ ಬದಲಾದದ್ದೇ ನನಗೆ ಗೊತ್ತಾಗುತ್ತಿರಲಿಲ್ಲ. ಅದನ್ನು ಇಷ್ಟು ವರ್ಷದಲ್ಲಿ ನಿನಗೆ ಹೇಳಿಲ್ಲ, ಹೇಳಿದರೆ ತಲೆಯ ಮೇಲೆ ಕೂರುತ್ತಿ.

ಸಂಚಿತಾಳಿಗೂ ಮಗುವಿಗೂ ನನ್ನ ಆಶೀರ್ವಾದ. ಅಳಿಯನಿಗೆ ಕೇಳಿದೆ ಎಂದು ಹೇಳು. ಮಗುವಿನ ತಲೆಗೆ ಎಣ್ಣೆ ಹಚ್ಚು, ಅಲ್ಲಿ ಬೇರೆ ಯಾವ ಯಂತ್ರಕ್ಕೂ ಹಚ್ಚಬೇಡ.

ಇತಿ ನಿನ್ನ,
ಚಿತ್ತರಂಜನ

ವಿ.ಸೂ.: ಹಾಶಿಂನ ಟ್ಯಾಕ್ಸಿ ಗೇಟಿಗೆ ಬಂತು, ಅವಸರದಲ್ಲಿ ಬರೆಯುತ್ತಿದ್ದೇನೆ. ಪೃಥ್ವಿರಾಜ ಇವತ್ತು ಬೆಳಿಗ್ಗೆ ಕಾರು ಒಯ್ಯಲು ಜನ ಕಟ್ಟಿಕೊಂಡು ಬಂದಿದ್ದ. ನಾನು ಕೊಡಲಿಲ್ಲ. "ಅಕ್ಕ ಮಾತು ಕೊಟ್ಟಿದ್ದಾರಲ್ಲ ಭಾವಾ" ಎಂದ. ಅವಳು ತನ್ನಿಂದ ಆಗುವುದಿಲ್ಲ ಎಂದು ತಪ್ಪು ತಿಳಿದು ಕೊಟ್ಟ ಮಾತು ಅದು, ಬಂದು ಅವಳೇ ಹೇಳಲಿ ಎಂದೆ. ಮುಖ ಊದಿಸಿಕೊಂಡು ಹೋದ. ನೀನು ನಿಧಾನವಾಗಿಲ್ಲ ಕುಶಲಾ, ನಿನಗೆ ಏನೂ ಆಗಿಲ್ಲ. ಇದೆಲ್ಲ ತಿಳಿದ ಮೇಲೂ ಕೊಡಬೇಕೆಂದು ಅನಿಸಿದರೆ ನೀನೇ ಬಿಟ್ಟುಕೊಂಡು ಹೋಗಿ ಅವನ ಹೋಟೆಲಿನ ಎದುರು ನಿಲ್ಲಿಸಿ ಕೊಡು, ನಾನು ಬಾಯಿ ತೆರೆಯುವುದಿಲ್ಲ. ಬರುವ ದಿನ ತಿಳಿಸು. ನನ್ನನ್ನೂ ಕಾರನ್ನೂ ಹಾಶಿಂನ ತಮ್ಮ ಬಜ್ಪೆ ಏರ್‌ಪೋರ್ಟಿಗೆ ತಂದು ಮುಟ್ಟಿಸುತ್ತಾನೆ. ಅಲ್ಲಿಂದಲೇ ಅವನನ್ನು ಬಸ್ಸು ಹತ್ತಿಸಿ ಕಳಿಸುತ್ತೇನೆ. ಮನೆಗೆ ಬರಲು ನನಗೆ ನೀನಲ್ಲದೆ ಬೇರೆ ಡ್ರೈವರಿಲ್ಲ.