ಇಬ್ಬರಿಗೆ ಸಾಲದ ಕೌದಿ

ಕ್ರಿಸ್ತಶಕ 2242, ಚಿತ್ರಭಾನು ಸಂವತ್ಸರ, ತೆರಪು ಮುಗಿದ ಮರುದಿನ
ಸಮೋವಾ, ಉಪೋಲು ದ್ವೀಪ, ಗುಡ್ಡದ ಬಿಡಾರ

ಮುತ್ತವ್ವ ಹುಲಿಗೆಮ್ಮನಿಗೆ, ನಿನ್ನಿಂದ ಎಂಟನೆಯ ತಲೆಮಾರಿನವಳಾದ ಗಾಳೆಮ್ಮನ ಶರಣು.

ಮೇಲಿನ ತಾರೀಖು ನೋಡಿ ನಿನಗೆ ನಗು ಬಂದೀತು. ನನ್ನ ಕನ್ನಡವೂ ವಿಚಿತ್ರವಾಗಿ ಕಂಡೀತು. ನೀನು ಕಂಡರಿಯದ ಕೆಲಸಕ್ಕಾಗಿ ನಾವು ಕಟ್ಟಿಕೊಂಡ ಮಾತುಗಳು ಇದರಲ್ಲಿವೆ, ಕ್ಷಮಿಸು. ಗಂಡಾಂತರ ದಾಟಿದವರು ಹಿಂದಿನವರಿಗೊಂದು ಕಾಗದ ಬರೆದು, ಹೊಸ ಜಾಗದಲ್ಲಿ ಕೂರಿಸುವ ಮೊದಲ ಕಲ್ಲಿನ ಕೆಳಗೆ ಇಡುವುದು ನಮ್ಮ ಕಸುಬಿನ ರೂಢಿ. ತಲುಪುತ್ತದೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ. ನಾನು ನಿನ್ನನ್ನೇ ಆರಿಸಿಕೊಂಡೆ, ಏಕೆಂದರೆ ನಿನ್ನ ಮೇಲೆ ನನಗೆ ಸಿಟ್ಟಿದೆ. ನಿನಗೊಂದು ವಿಷಯ ಹೇಳಿ ಕೈಮುಗಿಯುವುದೂ ಇದೆ.

ನಾವು ಎತ್ತುಗಾರರು. ಕಡಲು ನುಂಗಲಿರುವ ನೆಲದ ಗೋರಿಗಳನ್ನು ಕಲ್ಲು ಕಲ್ಲಾಗಿ ಬಿಚ್ಚಿ, ಗುರುತು ಹಾಕಿ, ಹೊತ್ತು ತಂದು ಎತ್ತರದಲ್ಲಿ ಮೊದಲಿದ್ದಂತೆಯೇ ಕಟ್ಟುವವರು. ನಿನ್ನ ಗಂಡ ಕೊಪ್ಪಳದ ಕಡೆ ಕಲ್ಲೊಡೆಯುತ್ತಿದ್ದನಂತೆ. ಆ ಸುತ್ತಿಗೆಯ ಕಸುಬೇ ನಮ್ಮನ್ನು ಇಲ್ಲಿಯವರೆಗೆ ತಂದಿದೆ. ತಂಡದಲ್ಲಿ ಹನ್ನೊಂದು ಜನ. ನಾನು ಮೇಸ್ತ್ರಿ. ಜೋಳ ಇಲ್ಲಿ ಸಿಗುವುದಿಲ್ಲ; ಜೀಗುಜ್ಜೆ ಎಂಬ ಹಲಸಿನ ಜಾತಿಯ ಕಾಯಿಯನ್ನು ಬಿಸಿಗಲ್ಲಿನ ಮೇಲೆ ಸುಟ್ಟು ತಿನ್ನುತ್ತೇವೆ. ಅದರಿಂದ ರೊಟ್ಟಿ ಬಡಿಯಲು ಹೋಗಿ ನಾನು ಇಡೀ ತಂಡದ ನಗೆಪಾಟಲಾದೆ.

ಇಲ್ಲಿ ಕಡಲಿಗೆ ಚಾಚಿದ ಒಂದು ನೆಲದ ಮೂಗು ಇದೆ. ಸಮೋವಾದ ದೊಡ್ಡ ಮನೆತನಗಳ ನಾಯಕರನ್ನು ಹಿಂದಿನಿಂದಲೂ ಮಣ್ಣು ಮಾಡಿದ ಜಾಗ ಅದು. ಗೋರಿಗಳು ಹಂತ ಹಂತವಾಗಿ ಮೇಲೇರುತ್ತವೆ. ಹಂತಗಳು ಹೆಚ್ಚಿದಷ್ಟೂ ಒಳಗೆ ಮಲಗಿದವನ ಪದವಿ ದೊಡ್ಡದು. ಈಗ ವರ್ಷವಿಡೀ ಅವು ನೀರಿನಡಿಯಲ್ಲಿರುತ್ತವೆ. ಆರೇ ಆರು ದಿನ ಕಡಲು ಹಿಂದೆ ಸರಿದು ನೆಲ ಬಿಡುತ್ತದೆ. ಅದನ್ನೇ ನಾವು ತೆರಪು ಎನ್ನುವುದು. ಇದು ಕೊನೆಯ ತೆರಪು, ಮುಂದಿನ ವರ್ಷ ಕಲ್ಲೊಂದೂ ಕೈಗೆ ಸಿಗುವುದಿಲ್ಲ ಎಂದು ನೀರಳೆಯುವವರು ಹೇಳಿದ್ದರು.

ಮೊದಲ ದಿನ ಕೆಲಸವಿಲ್ಲ, ದರ್ಶನ ಮಾತ್ರ. ಎತ್ತುವವರು ಮೊದಲು ಹೋಗಿ ಗೋರಿಗಳ ಮುಂದೆ ಕೂರಬೇಕು. ಮನೆತನದ ಹಿರಿಯ ಬಂದು ಅಪ್ಪಣೆ ಕೊಡಬೇಕು. ನಾವು ನಸುಕಿನಲ್ಲೇ ಹೋಗಿ ಐದು ಹಂತದ ಗೋರಿಯೊಂದರ ಬುಡದಲ್ಲಿ ಕೂತೆವು. ಕಲ್ಲಿನ ಸಂದುಗಳಲ್ಲಿ ಏಡಿಗಳು ಓಡಾಡುತ್ತಿದ್ದವು, ಎಲ್ಲೆಡೆ ನೀರು ನಿಂತಿತ್ತು. ಈ ನಾಡಿನಲ್ಲಿ ಹಿರಿಯರೆದುರು ಕೂರುವುದೇ ಮರ್ಯಾದೆ. ನಿನ್ನ ತಲೆ ಅವರ ತಲೆಗಿಂತ ಮೇಲಿರಬಾರದು. ಎದುರು ದಾಟಬೇಕಾದರೂ ಸೊಂಟ ಬಾಗಿಸಿ, ಮೆಲ್ಲಗೆ ಅಪ್ಪಣೆ ಕೇಳಿ ದಾಟಬೇಕು. ಇದನ್ನೆಲ್ಲ ನಾನು ತಂಡದಲ್ಲೇ ಇದ್ದ ನನ್ನ ಮಗಳು ಹೊನ್ನೂರಿಗೆ ಒಂದು ತಿಂಗಳಿಂದ ಹೇಳಿಕೊಟ್ಟಿದ್ದೆ. ಆದರೆ ನಾನು ಹೇಳಿದ್ದು ಒಂದು ತಿಂಗಳು, ನೀನು ಕಲಿಸಿದ್ದು ಎಂಟು ತಲೆಮಾರು.

ಮನೆತನದ ಯಜಮಾನ ಅಪೆಲು ತನ್ನ ಅಕ್ಕ ಪೆನೀನಾಳೊಂದಿಗೆ ಬಂದ. ಎಪ್ಪತ್ತು ದಾಟಿದ ಮನುಷ್ಯ. ಅವನು ಬಂದು ನೆಲಕ್ಕೆ ಕೂರುತ್ತಿದ್ದಂತೆ ಹೊನ್ನೂರಿ ದಿಗ್ಗನೆ ಎದ್ದು ನಿಂತಳು. ಹಿರಿಯರು ಬಂದರೆ ಎದ್ದು ನಿಲ್ಲಬೇಕಲ್ಲ, ಮುತ್ತವ್ವ? ನಿಂತವಳು ಕಾಲಡಿಯ ನೀರು ತಪ್ಪಿಸಲು ಗೋರಿಯ ಕೆಳಗಿನ ಹಂತದ ಮೇಲೆ ಕಾಲಿಟ್ಟಳು. ಇಷ್ಟೆತ್ತರ ನಿಂತು, ಅವರ ಪೂರ್ವಜನನ್ನು ಮೆಟ್ಟಿ, ಕೈಮುಗಿದಳು. ಅವಳ ಮುಖದ ತುಂಬ ಭಕ್ತಿಯಿತ್ತು.

ಅಪೆಲು ಕೂಗಾಡಲಿಲ್ಲ. ಎದ್ದು ಹಿಂತಿರುಗಿ ಹೋದ. ಮಧ್ಯಾಹ್ನ ದುಭಾಷಿಯ ಕೈಯಲ್ಲಿ ಮಾತು ಬಂತು: ತಮ್ಮವರು ನೀರಿನಲ್ಲೇ ಇದ್ದಾರು, ತುಳಿದವರ ಕೈಯಲ್ಲಿ ಎತ್ತಿಸಿಕೊಳ್ಳಲಾರರು, ಹುಡುಗಿಯ ವಿಚಾರ ಮನೆಯ ಗಂಡಸರು ನೋಡಿಕೊಳ್ಳುತ್ತಾರೆ. ಸಂಜೆಯ ಹೊತ್ತಿಗೆ ಅವನ ಮೂವರು ಸೋದರಳಿಯಂದಿರು ಮಚ್ಚು ಹಿಡಿದು ನಮ್ಮ ದೋಣಿಯ ಪಕ್ಕ ಬಂದು ಕೂತರು. ನಾಲ್ಕು ವರ್ಷದ ಹಿಂದೆ ಬೇರೊಂದು ತಂಡದವನು ಇಂಥದೇ ತಪ್ಪು ಮಾಡಿ ಊರಿಗೆ ಮರಳಿರಲಿಲ್ಲ.

ದಾರಿ ಒಂದೇ ಇತ್ತು. ತಪ್ಪು ಮಾಡಿದವರು ಬೆಳಕು ಹರಿಯುವ ಮುನ್ನ ನೊಂದವರ ಮನೆಯೆದುರು ಮಂಡಿಯೂರಿ, ಮೈಮೇಲೆ ನವಿರಾದ ಚಾಪೆಯೊಂದನ್ನು ಹೊದ್ದು ಕಾಯಬೇಕು. ಮನೆಯವರು ಚಾಪೆ ಸರಿಸಿದರೆ ಕ್ಷಮೆ. ಸರಿಸದಿದ್ದರೆ ಅದರಡಿಯಲ್ಲಿರುವವರನ್ನು ಅವರು ಏನು ಮಾಡಿದರೂ ಯಾರೂ ಕೇಳುವಂತಿಲ್ಲ. ಅಂಥ ಚಾಪೆ ನೇಯಲು ವರ್ಷಗಳು ಬೇಕು, ಅದರಲ್ಲಿ ಮನೆತನದ ಹೆಸರೇ ಇರುತ್ತದೆ. ನಮಗೆ ಯಾರು ಕೊಟ್ಟಾರು? ನಮ್ಮ ಹತ್ತಿರ ಇದ್ದದ್ದು ಹಳೆ ಸೀರೆಯ ತುಂಡು ಜೋಡಿಸಿ ನೀನು ಹೊಲಿದ ಕೌದಿ. ಎಂಟು ತಲೆಮಾರು ತೇಪೆ ಹಾಕಿ ಹಾಕಿ, ನಿನ್ನ ಕೈಯ ತುಂಡುಗಳು ಅದರಲ್ಲಿ ಮೂರೇ ಉಳಿದಿದ್ದವು. ಇಳಕಲ್ ಸೆರಗಿನ ಕೆಂಪು ಒಂದು, ಹಸಿರು ಎರಡು.

ಮರುದಿನ ನಸುಕಿನಲ್ಲಿ ಅಪೆಲುವಿನ ಮನೆಯೆದುರು ಮಗಳ ಜೊತೆ ನಾನೂ ಮಂಡಿಯೂರಿದೆ. ಅವಳೊಬ್ಬಳನ್ನೇ ಕೂರಿಸುವಷ್ಟು ಕಲ್ಲು ನಾನಲ್ಲ. ಕೌದಿ ಇಬ್ಬರಿಗೆ ಸಾಲಲಿಲ್ಲ. ಅವಳ ಕಡೆ ಎಳೆದೆ. ಒಳಗೆ ಕತ್ತಲು, ಅವಳ ಉಸಿರು, ಮೊಣಕಾಲಿಗೆ ಒತ್ತುವ ಹರಳು. ಬಾಗಿಲ ಬಳಿ ಹೆಜ್ಜೆ ಸಪ್ಪಳವಾಯಿತು. ಮಚ್ಚಿನ ತುದಿ ಕಲ್ಲಿಗೆ ತಾಗಿದ ಶಬ್ದ ನನ್ನ ಹಿಂದೆಯೇ ಕೇಳಿಸಿತು.

“ಅವ್ವಾ, ನಿನ್ನ ಬೆನ್ನು ಹೊರಗ ಐತಿ,” ಎಂದಳು ಹೊನ್ನೂರಿ.

ಸುಮ್ಮನಿರು ಎಂದು ಅವಳ ಕೈ ಹಿಸುಕಿದೆ. ಬಿಸಿಲು ಬಂತು. ಬೆನ್ನಿನ ಮೇಲೆ ಬಿದ್ದದ್ದು ಬಿಸಿಲೆಂದು ತಿಳಿಯಲು ನನಗೆ ಒಂದು ಗಳಿಗೆ ಬೇಕಾಯಿತು. ಕಡಲ ಸದ್ದು ಕೇಳುತ್ತಲೇ ಇತ್ತು. ಯಾರೂ ಹತ್ತಿರ ಬರಲಿಲ್ಲ, ಯಾರೂ ದೂರ ಹೋಗಲಿಲ್ಲ. ನಿನ್ನನ್ನು ಬಾಯಿತುಂಬ ಬೈದೆ, ಮುತ್ತವ್ವ, ಮನಸ್ಸಿನಲ್ಲೇ.

ಕೊನೆಗೆ ಯಾರೋ ನನ್ನೆದುರು ನೆಲಕ್ಕೆ ಕೂತರು. ಬೆರಳುಗಳು ಕೌದಿಯ ಹೊಲಿಗೆಯನ್ನು ಸಾಲು ಸಾಲಾಗಿ ಮುಟ್ಟುತ್ತಿದ್ದವು. ಪೆನೀನಾ. ಈ ನಾಡಿನಲ್ಲಿ ಅಕ್ಕತಂಗಿಯರ ಮಾತನ್ನು ಗಂಡುಮಕ್ಕಳು ತೆಗೆದುಹಾಕುವಂತಿಲ್ಲ. ಅವಳು ತಮ್ಮನಿಗೆ ಹೇಳಿದ್ದನ್ನು ನಮ್ಮ ಮನೆಮಾತಿನಲ್ಲೇ ಬರೆಯುತ್ತೇನೆ.

“ಇದು ಚಾಪಿ ಅಲ್ಲ. ಆದ್ರ ಯಾರೋ ಒಬ್ಬಾಕಿ ಕುಂತು ಮಾಡ್ಯಾಳ. ತನ್ನ ಮೈ ಬಿಟ್ಟು ಮಗಳಿಗೆ ಹೊಚ್ಚ್ಯಾಳ ಇಕಿ.”

ಕೌದಿ ಮೇಲಕ್ಕೆ ಹೋಯಿತು. ಬೆಳಕಿಗೆ ಕಣ್ಣು ಕುಕ್ಕಿತು. ಹೊನ್ನೂರಿ ಅಳುತ್ತಿದ್ದಳು, ನಾನೂ ಅತ್ತೆ, ಮೇಸ್ತ್ರಿಗಿರಿ ಮರೆತು. ಅಪೆಲು ನಮ್ಮನ್ನು ಮತ್ತೆ ಗೋರಿಯ ಬಳಿಗೆ ಕರೆದೊಯ್ದ. ನಾವು ಕೂತೇ ತೆವಳುತ್ತ ಹೋದೆವು. ಅವಳು ಕಾಲಿಟ್ಟ ಕಲ್ಲನ್ನು ತೋರಿಸಿ, ಮೊದಲು ಅದನ್ನೇ ಅವಳೇ ಎತ್ತಲಿ ಎಂದ. ಉಳಿದ ದಿನಗಳಲ್ಲಿ ನಾವು ಅಂಗೈ ಸುಲಿಯುವಂತೆ ದುಡಿದೆವು. ಕೊನೆಯ ಕಲ್ಲು ಹೊರಟಾಗ ನೀರು ಮೊಣಕಾಲಿಗೆ ಬಂದಿತ್ತು.

ಈಗ ಹೇಳಬೇಕಾದ ಮಾತು. ಹೊದ್ದು ಬಂದ ಹೊದಿಕೆಯನ್ನು ಕ್ಷಮಿಸಿದವರೇ ಇಟ್ಟುಕೊಳ್ಳುತ್ತಾರೆ, ಅದು ಇಲ್ಲಿಯ ಪದ್ಧತಿ. ನಿನ್ನ ಕೌದಿ ಇನ್ನು ನಮ್ಮದಲ್ಲ. ಪೆನೀನಾ ಅದನ್ನು ಹೆಗಲ ಮೇಲೆ ಹಾಕಿಕೊಂಡು, ಕಲ್ಲು ಹೊತ್ತವರ ಮುಂದೆ ಗುಡ್ಡ ಹತ್ತಿದಳು. ಬಿಸಿಲಿನಲ್ಲಿ ನಿನ್ನ ಕೆಂಪು ತುಂಡು ದೂರದವರೆಗೂ ಕಾಣುತ್ತಿತ್ತು.

ಹಿರಿಯರು ಬಂದಾಗ ಎದ್ದು ನಿಲ್ಲುವುದನ್ನು ಮಕ್ಕಳಿಗೆ ಕಲಿಸು, ಬೇಡ ಎನ್ನಲಾರೆ. ಎಲ್ಲಿ ಕೂರಬೇಕೆಂದು ನೋಡಿಕೊಳ್ಳುವುದನ್ನೂ ಕಲಿಸು. ಈ ಹೊತ್ತಿಗೆ ನೀನು ಬಾಗಿಲಲ್ಲಿ ಕಾಲು ಚಾಚಿ ಕೂತು, ಕೌದಿಗೆಂದು ಹಳೆ ಸೀರೆ ಹರಡಿಕೊಂಡು, ಸಾಕಪ್ಪಾ ಇಷ್ಟು ಎಂದು ದಾರ ಕಡಿಯಲು ಹೊರಟಿರಬಹುದು. ಕಡಿಯಬೇಡ, ಮುತ್ತವ್ವ. ಇನ್ನೆರಡು ಸಾಲು ಹಾಕು. ಅದರಡಿಯಲ್ಲಿ ನಾವು ಇಬ್ಬರಿದ್ದೇವೆ.