ಒಪೊಕು ಮಾವನ ತೂಕದ ಬಟ್ಟುಗಳು

ಕುಮಾಸಿ

ಕ್ವಾಬೆನ,

ನಾನು ಅಮಾ ಬೊನ್ಸು, ನಿನ್ನ ದೊಡ್ಡಮ್ಮ, ಈ ಮನೆತನದ ಹಿರಿಯಳು. ತೀರಿಕೊಂಡ ನಿನ್ನ ಸೋದರಮಾವನ ಆಸ್ತಿ ಹಂಚುವ ಹಕ್ಕು ನನ್ನದು.

ಅವನು ಚಿನ್ನ ತೂಗುತ್ತಿದ್ದ ನಾಲ್ಕು ಹಿತ್ತಾಳೆ ಬಟ್ಟುಗಳಲ್ಲಿ ಮೊಸಳೆಯಾಕಾರದ್ದು ನೆನಪಿಗೆ ಬೇಕೆಂದು ಬರೆದಿದ್ದೀಯ. ನಿನ್ನ ಅಣ್ಣ ತನಗೆ ಮೀನಿನಾಕಾರದ್ದು ಬೇಕೆಂದು ನನ್ನೆದುರು ನಿಂತ.

"ನಾವು ಒಡಹುಟ್ಟಿದವರು ನಾಲ್ವರು, ಬಟ್ಟೂ ನಾಲ್ಕು. ಸರಿಹೋಯ್ತಲ್ಲ, ದೊಡ್ಡಮ್ಮ?"

"ಸರಿಹೋಗೋದು ನಿನ್ನ ತಲೆ! ತಕ್ಕಡಿ ತಗೊಂಡು ಬಾ," ಎಂದೆ.

ಅವು ಒಂದು, ಮೂರು, ಒಂಬತ್ತು, ಇಪ್ಪತ್ತೇಳು ಗುಲಗಂಜಿ ತೂಕದವು. ಚಿನ್ನದ ತಟ್ಟೆಯಲ್ಲೂ ಬಟ್ಟು ಇಡಬಹುದು. ಐದು ತೂಗಲು ಒಂಬತ್ತನ್ನು ಎದುರು ತಟ್ಟೆಗೆ ಹಾಕಿ, ಮೂರನ್ನೂ ಒಂದನ್ನೂ ಚಿನ್ನದ ಜೊತೆಗೆ ಇಟ್ಟರಾಯಿತು. ಹೀಗೆ ಒಂದರಿಂದ ನಲವತ್ತರವರೆಗೆ ಯಾವ ತೂಕವೂ ತಪ್ಪುವುದಿಲ್ಲ. ನಿನ್ನ ಮೊಸಳೆ ಒಂಬತ್ತರದು. ಅದನ್ನು ತೆಗೆದರೆ ಐದರಿಂದ ಇಪ್ಪತ್ತೆರಡರವರೆಗೆ ತಕ್ಕಡಿ ಕುರುಡು. ಓಲೆ, ಉಂಗುರಗಳೆಲ್ಲ ಬರುವುದು ಆ ನಡುವೆಯೇ.

ಮಾವನ ಅಕ್ಕಸಾಲೆ ಕುಲುಮೆಯಲ್ಲಿ ಈಗ ದುಡಿಯುತ್ತಿರುವವಳು ನಿನ್ನ ತಂಗಿ ಅಫುವಾ. ಅವಳ ಅನ್ನ ಅದರಲ್ಲಿದೆ. ಹೆಣ್ಣು ಕುಲುಮೆ ಮುಟ್ಟಬಾರದೆಂದು ಹಿರಿಯರು ಗೊಣಗಿದರು. ಗೊಣಗಲಿ.

ನಿನಗೆ ಮಾವನ ಕೆಂಟೆ ಬಟ್ಟೆ ಎತ್ತಿಟ್ಟಿದ್ದೇನೆ, ಬಂದು ಒಯ್ಯಿ. ನಿನ್ನೆ ಪೂರ್ವಜರಿಗೆ ಮದ್ಯ ಎರೆದು, ಎಲ್ಲರೆದುರು ನಾಲ್ಕು ಬಟ್ಟುಗಳನ್ನೂ ಅಫುವಾಳ ಕೈಗೆ ಕೊಟ್ಟೆ.

ಅಮಾ ಬೊನ್ಸು